ಮೂರನೇ ಸಂಗ್ರಹದ ಏಳನೇ ಹಾಡು

‘ಕುಲುಮೆ’ ಬ್ಯಾಂಡು ಹೊರತಂದದ್ದು ನಾಲ್ಕೇ ಆಲ್ಬಂ. ಆ ನಾಲ್ಕರಿಂದ ಹಾಡುಗಳನ್ನು ಆರಿಸಿ ಆರಿಸಿ ಮಾಡಿದ ಸಂಗ್ರಹಗಳು ಒಂಬತ್ತು. ನಾನು ಕೆಲಸಕ್ಕೆ ಸೇರಿದ ವರ್ಷ ಹತ್ತನೆಯದು ತಯಾರಾಗುತ್ತಿತ್ತು. ಮೊದಲನೆಯದರ ಹೆಸರು ‘ಆಯ್ದ ಹಾಡುಗಳು’, ಎರಡನೆಯದು ‘ಮತ್ತಷ್ಟು ಆಯ್ದ ಹಾಡುಗಳು’. ಐದನೆಯದು ‘ಪೂರ್ಣ ಕುಲುಮೆ’, ಅದರಲ್ಲಿದ್ದದ್ದು ಹದಿನಾಲ್ಕೇ ಹಾಡು. ಏಳನೆಯದಕ್ಕೆ ‘ಕೊನೆಯ ಸಂಗ್ರಹ’ ಎಂದು ಹೆಸರಿಟ್ಟಿದ್ದರು. ಅದಾದ ಮೇಲೂ ಎರಡು ಬಂದವು.

ನಮ್ಮ ಮನೆಯಲ್ಲಿ ಇದ್ದದ್ದು ಮೂರನೆಯದೊಂದೇ. ಅದರಲ್ಲೂ ನಾವು ಕೇಳುತ್ತಿದ್ದದ್ದು ಏಳನೇ ಹಾಡೊಂದನ್ನೇ. ಅದರ ಹೆಸರು ‘ಹಿಂಬಾಗಿಲು’. ಆ ಹಾಡಿನಲ್ಲಿ ಡ್ರಮ್ಸ್ ಬಾರಿಸಿದವನು ತಾನು ಎಂದು ನನ್ನ ಸೋದರಮಾವ ಹೇಳುತ್ತಿದ್ದ.

ಮಾವ ನೆಲಕ್ಕೆ ಟೈಲ್ಸ್ ಹಾಕುವವನು. ಅಪ್ಪ ಹೋದ ಮೇಲೆ ನಾನೂ ಅಮ್ಮನೂ ಅವನ ಮನೆಯಲ್ಲೇ ಇದ್ದೇವೆ. ಹಾಡು ಬರುವಾಗ ಅವನು ಕುಣಿಯುತ್ತಿರಲಿಲ್ಲ, ತಲೆಯನ್ನೂ ಆಡಿಸುತ್ತಿರಲಿಲ್ಲ. ಎರಡನೇ ಚರಣದ ನಡುವೆ ಒಂದು ಕಡೆ ಬೆರಳೆತ್ತಿ, “ಇಲ್ಲಿ ಒಂದು ಏಟು ಬಿಟ್ಟೆ, ನೋಡಿ,” ಎನ್ನುತ್ತಿದ್ದ. ಅಷ್ಟೇ. ಹಾಡು ಮುಗಿಯುವುದಿಲ್ಲ, ದನಿ ಇಳಿಯುತ್ತ ಇಳಿಯುತ್ತ ಮಸುಕಾಗಿ ಹೋಗುತ್ತದೆ. ಅದು ಪೂರ್ತಿ ಮಸುಕಾಗುವ ಮೊದಲೇ ಅತ್ತೆ ಕೈ ಚಾಚಿ ಸ್ವಿಚ್ ಒತ್ತುತ್ತಿದ್ದಳು.

“ಆಯ್ತಲ್ಲ ಕಚೇರಿ? ಏಳಿ ಊಟಕ್ಕೆ.”

“ಇನ್ನೂ ಇತ್ತು ಕಣೇ ಹಾಡು.”

“ಇದ್ದಿರಬಹುದು. ಕವರ್ ಮೇಲೆ ನಿಮ್ಮ ಹೆಸರೂ ಇದ್ದಿರಬಹುದು, ನನ್ನ ಕನ್ನಡಕಕ್ಕೆ ಕಾಣ್ತಿಲ್ಲ ಅಷ್ಟೇ.”

ಅಮ್ಮ ನಗುತ್ತಿದ್ದಳು. ಮಾವನೂ ನಗುತ್ತಿದ್ದ. ನಾನು ಮಾತ್ರ ಅವನ ಕಿವಿ ನೋಡುತ್ತಿದ್ದೆ. ನಗುವಾಗಲೂ ಅವನ ಕಿವಿಯ ತುದಿ ಕೆಂಪಾಗಿರುತ್ತಿತ್ತು.

ಕವರಿನ ಮೇಲೆ ಡ್ರಮ್ಸ್ ಎಂಬುದರ ಮುಂದೆ ಇದ್ದದ್ದು ಬ್ಯಾಂಡಿನ ಡ್ರಮ್ಮರನ ಹೆಸರು. ಒಂಬತ್ತು ಸಂಗ್ರಹಗಳಲ್ಲೂ ಅದೇ. ಮಾವನ ಕಥೆಯನ್ನು ಯಾರೂ ನಂಬಿರಲಿಲ್ಲ. ನಾನು ನಂಬಿದ್ದೆನೋ ಇಲ್ಲವೋ ನನಗೇ ಗೊತ್ತಿರಲಿಲ್ಲ. ಮನೆಯವರು ಹೇಳುವ ಕಥೆಯನ್ನು ನಂಬುವುದು ಬಿಡುವುದು ಎಂದೇನೂ ಇರುವುದಿಲ್ಲ, ಅದು ಮಂಚದ ಹಾಗೆ ಅಲ್ಲೇ ಇರುತ್ತದೆ.

ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಅಮ್ಮನ ಬೆನ್ನು ಹಿಡಿದುಕೊಂಡಿತು. ಒಂದು ವರ್ಷ ಮನೆಯಲ್ಲಿ ಯಾರಾದರೂ ಇರಬೇಕಾಯಿತು. ವರ್ಷ ಕಳೆದ ಮೇಲೆ ನನಗಿಂತ ಚಿಕ್ಕವರ ಜೊತೆ ಕೂರಲು ನಾಚಿಕೆಯಾಗಿ ಹೋಗಲೇ ಇಲ್ಲ. ಆಮೇಲೆ ಸಿಕ್ಕಿದ್ದು ಈ ಕೆಲಸ. ಹಳೆಯ ಹಾಡುಗಳನ್ನು ಮತ್ತೆ ಹೊರತರುವ ಕಂಪನಿಯ ನೆಲಮಾಳಿಗೆಯಲ್ಲಿ ಟೇಪಿನ ಸುರುಳಿಗಳನ್ನು ಒರೆಸುವುದು, ಸುತ್ತುವುದು, ಒಂದೊಂದಕ್ಕೂ ಒಂದು ಕಾರ್ಡು ಬರೆಯುವುದು. ಯಾರ ಜೊತೆಗೂ ಮಾತಾಡಬೇಕಾಗಿಲ್ಲ ಎನ್ನುವುದೇ ನನಗೆ ಅದರಲ್ಲಿ ಹಿಡಿಸಿದ್ದು.

ಟೇಪು ಇಡುವುದಕ್ಕೆ ಒಂದು ಕ್ರಮವಿದೆ. ಹಾಡಿನ ಕೊನೆ ಸುರುಳಿಯ ಹೊರಗಿರಬೇಕು, ಮೊದಲು ಒಳಗಿರಬೇಕು. ಹಾಗಿಟ್ಟರೆ ಕೆಡುವುದು ಕಡಿಮೆ. ಇದಕ್ಕೆ ‘ಬಾಲ ಹೊರಗೆ’ ಎನ್ನುತ್ತಾರೆ. ಕೇಳಬೇಕಾದರೆ ಇಡೀ ಸುರುಳಿಯನ್ನು ಹಿಂದಕ್ಕೆ ಸುತ್ತಬೇಕು. ಆದರೆ ಹಳೆಯ ಟೇಪನ್ನು ಒಮ್ಮೆಗೇ ಸುತ್ತಿದರೆ ಅದರ ಮೇಲಿನ ಲೇಪ ಪುಡಿಯಾಗಿ ಉದುರಬಹುದು. ಆದ್ದರಿಂದ ಮೊದಲು ಒಂದು ನಿಮಿಷದಷ್ಟು ಮಾತ್ರ ಹಿಂದಕ್ಕೆ ಸುತ್ತಿ, ಅಲ್ಲಿಂದ ಕೊನೆಯವರೆಗೆ ಕೇಳಿ, ಪುಡಿ ಬರುತ್ತಿಲ್ಲ ಎಂದು ನೋಡಿಕೊಂಡ ಮೇಲೆ ಮಿಕ್ಕದ್ದು. ಹೀಗಾಗಿ ನಾನು ಎಷ್ಟೋ ಹಾಡುಗಳನ್ನು ಅವುಗಳ ಕೊನೆಯಿಂದಲೇ ಬಲ್ಲೆ. ಮೊದಲು ಹೇಗಿದೆ ಎಂದು ಯಾರಾದರೂ ಕೇಳಿದರೆ ತಡವರಿಸುತ್ತೇನೆ.

ಈ ಕ್ರಮವನ್ನು ನನಗೆ ಕಲಿಸಿದವರು ಮೀಟರ್ ಸಾರ್. ಅವರು ನಮ್ಮ ಧ್ವನಿ ಎಂಜಿನಿಯರ್. ಯಾರ ಮುಖವನ್ನೂ ನೋಡದೆ ಮೆಷೀನಿನ ಮೀಟರಿನ ಮುಳ್ಳನ್ನೇ ನೋಡುತ್ತ ಮಾತಾಡುತ್ತಿದ್ದುದರಿಂದ ಆ ಹೆಸರು. ಮೇಲಿನ ಮಹಡಿಯಲ್ಲಿ ಮೇಡಂ ಇದ್ದರು. ಯಾವ ಹಾಡು ಬೇಕು, ಯಾವುದು ಬೇಡ ಎಂದು ತೀರ್ಮಾನಿಸುವವರು ಅವರು.

ಹತ್ತನೇ ಸಂಗ್ರಹದ ಕೆಲಸ ಶುರುವಾದ ದಿನ ಮೇಡಂ ಕೆಳಗಿಳಿದು ಬಂದು ಬಾಗಿಲಲ್ಲೇ ನಿಂತು ಹೇಳಿದರು: “ಈ ಸಲ ಕಾಪಿಯಿಂದ ಕಾಪಿ ಬೇಡ. ಎಲ್ಲವೂ ಮೂಲ ಟೇಪಿನಿಂದಲೇ. ಇನ್ನೊಂದು, ಇದರಲ್ಲಿ ಬ್ಯಾಂಡಿನದ್ದು ಮಾತ್ರ. ಬ್ಯಾಂಡಿನವರು ಒಬ್ಬೊಬ್ಬರೇ ಮಾಡಿದ ಸೋಲೋ ಒಂದೂ ನುಸುಳಬಾರದು. ನಾಲ್ವರಿಗೂ ನಾಲ್ಕು ಕಡೆ ಹಕ್ಕಿದೆ, ನಾಲ್ಕು ಜನ ವಕೀಲರಿದ್ದಾರೆ. ನನಗೆ ಇರೋದು ಒಂದೇ ತಲೆ.”

ಬ್ಯಾಂಡು ಒಡೆದ ಮೇಲೆ ಆ ನಾಲ್ವರೂ ಬೇರೆ ಬೇರೆ ಒಲೆ ಹೂಡಿದ ಅಣ್ಣತಮ್ಮಂದಿರ ಹಾಗೆ ಆಗಿದ್ದರು. ಗಾಯಕರು ಇಪ್ಪತ್ತು ಪಿಟೀಲುಗಳ ನಡುವೆ ನಿಂತು ಮೆತ್ತಗೆ ಹಾಡತೊಡಗಿದರು. ಬಾಸ್ ಗಿಟಾರಿನವರು ಕಣ್ಣು ಮುಚ್ಚಿ ಕೂರುವವರಿಗಾಗಿ ಕೊಳಲಿನ ಸಂಗೀತ ಮಾಡಿದರು, ಅದರಲ್ಲಿ ಬಾಸೇ ಇಲ್ಲ. ಡ್ರಮ್ಮರ್ ತಾವೇ ಹಾಡಿದರು. “ಅದನ್ನ ಅವರ ಹೆತ್ತತಾಯಿ ಕೂಡ ಪೂರ್ತಿ ಕೇಳಿಲ್ಲ,” ಎನ್ನುತ್ತಿದ್ದರು ಮೀಟರ್ ಸಾರ್. ಗಿಟಾರಿನವರು ಒಂದೇ ಒಂದು ಸೋಲೋ ಆಲ್ಬಂ ಮಾಡಿದರು. ಅದು ಚೆನ್ನಾಗಿತ್ತು, ಯಾರೂ ಕೊಳ್ಳಲಿಲ್ಲ.

ಮಾವನ ಕಥೆ ಬರುವುದು ಇಲ್ಲಿಗೆ. ‘ಹಿಂಬಾಗಿಲು’ ಹಾಡನ್ನು ಬ್ಯಾಂಡಿನ ಎರಡನೇ ಆಲ್ಬಂನಲ್ಲೂ ಗಿಟಾರಿನವರೇ ಹಾಡಿದ್ದರು. ಆ ಆಲ್ಬಂ ಅಷ್ಟೇನೂ ಓಡಿರಲಿಲ್ಲ. ಬ್ಯಾಂಡು ಒಡೆದ ಮೇಲೆ ತಮ್ಮ ಸೋಲೋ ಆಲ್ಬಂಗಾಗಿ ಅದೇ ಹಾಡನ್ನು ಅವರು ಮತ್ತೆ ಹಾಡಿದರಂತೆ, ಚುರುಕಾಗಿ. ಒಂದು ಮಧ್ಯಾಹ್ನಕ್ಕೆ ಡ್ರಮ್ಸ್ ಬಾರಿಸಲು ಯಾರೂ ಸಿಗದೆ, ಆ ಸ್ಟುಡಿಯೋದ ನೆಲ ರಿಪೇರಿಗೆ ಬಂದಿದ್ದ ಹುಡುಗ ಬಾರಿಸಬಲ್ಲ ಎಂದು ಗೊತ್ತಾಗಿ ಅವನನ್ನೇ ಕೂರಿಸಿದರಂತೆ. ಆ ಹುಡುಗ ಮಾವ. ಕೊನೆಗೆ ಹಾಡು ಸೋಲೋ ಆಲ್ಬಂಗೆ ಸೇರಲೇ ಇಲ್ಲ. ಎರಡು ವರ್ಷದ ಮೇಲೆ ಬ್ಯಾಂಡಿನ ಮೂರನೇ ಸಂಗ್ರಹ ಬಂತು. ಅಲ್ಲಿಂದಲೇ ‘ಹಿಂಬಾಗಿಲು’ ಎಲ್ಲರ ಬಾಯಲ್ಲೂ ಬಂದದ್ದು. ಮಾವ ಅದನ್ನು ಮೊದಲು ಕೇಳಿದ್ದು ಬಸ್ಸಿನಲ್ಲಿ. “ಸ್ಟಾಪ್ ಬಂದ್ರೂ ಇಳೀಲಿಲ್ಲ ನಾನು,” ಎನ್ನುತ್ತಿದ್ದ.

ಮೂರನೇ ಸಂಗ್ರಹಕ್ಕೆ ಬಳಸಿದ ಸುರುಳಿ ನನ್ನ ಮೇಜಿಗೆ ಬಂದದ್ದು ಒಂದು ಸೋಮವಾರ. ಡಬ್ಬದ ಬೆನ್ನಿನ ಮೇಲೆ ದೊಡ್ಡ ಅಕ್ಷರದಲ್ಲಿ ‘ಕುಲುಮೆ’, ಕೆಳಗೆ ‘ಹಿಂಬಾಗಿಲು’. ಒಳಗಿನ ಹಾಳೆಯಲ್ಲಿ ಡ್ರಮ್ಸ್ ಎಂಬುದರ ಮುಂದೆ ಹೆಸರಿಲ್ಲ, ಒಂದು ಟಿಕ್ ಗುರುತು ಮಾತ್ರ.

ಒಂದು ನಿಮಿಷ ಹಿಂದಕ್ಕೆ ಸುತ್ತಿ ಕೇಳಿದೆ. ಅದು ನಾನು ಹಿಂದೆಂದೂ ಕೇಳಿರದ ಭಾಗ. ರೆಕಾರ್ಡಿನಲ್ಲಿ ಮಸುಕು ಮಾಡಿ ಮುಗಿಸಿದ್ದ ಹಾಡು ಟೇಪಿನಲ್ಲಿ ಮುಂದುವರಿಯುತ್ತಿತ್ತು. ಗಿಟಾರು ತಟ್ಟನೆ ನಿಂತಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೆ ಗಿಟಾರೂ ಡ್ರಮ್ಮೂ ಒಟ್ಟಿಗೆ ಬಿದ್ದವು. ಮತ್ತೆ ನಿಂತವು, ಈ ಸಲ ಇನ್ನೂ ಹೆಚ್ಚು ಹೊತ್ತು. ಹೀಗೆ ಮೂರು ಸಲ, ಮೂರೂ ಸಲ ನಡುವಿನ ಮೌನದ ಉದ್ದ ಬೇರೆ ಬೇರೆ. ಆಮೇಲೆ ತಾಳದ ತಟ್ಟೆಯ ಗುಂಯ್ ಎನ್ನುವ ಸದ್ದು ಆರಿತು. ಅದು ಆರಿದ ಮೇಲೆ, ಯಾರೋ ಕೋಲಿನಿಂದ ಮೆಲ್ಲಗೆ ಕುಟ್ಟಿದ ಹಾಗೆ:

ಟಕ್ ಟಕ್. ಟಕ್.

ನನ್ನ ಕೈ ಮೆಷೀನಿನ ಮೇಲೇ ನಿಂತುಬಿಟ್ಟಿತು. ಒಂದು ಕೋಣೆಯ ಕೊನೆಯ ಟೈಲ್ ಕೂರಿಸಿದ ಮೇಲೆ ಮಾವ ಮರದ ಸುತ್ತಿಗೆಯ ಹಿಡಿಯಿಂದ ಹೀಗೇ ಕುಟ್ಟುತ್ತಾನೆ. ಎರಡು ಬೇಗ ಬೇಗ, ಒಂದು ತಡೆದು. ಕೆಳಗೆ ಪೊಳ್ಳಿದೆಯೇ ಎಂದು ನೋಡಲು ಎರಡು ಸಾಕು. ಮೂರನೆಯದು ಯಾಕೆ ಎಂದು ಅವನಿಗೂ ಗೊತ್ತಿಲ್ಲ.

ಆದರೆ ಕೆಲಸ ಮುಗಿಸಿ ಕೋಲಿನಿಂದ ಮೂರು ಸಲ ಕುಟ್ಟುವವರು ಲೋಕದಲ್ಲಿ ಎಷ್ಟು ಜನರಿಲ್ಲ?

ಎರಡನೇ ಆಲ್ಬಂನ ಮೂಲ ಸುರುಳಿಯನ್ನೂ ಹುಡುಕಿ ತೆಗೆದೆ. ಅದೇ ಹಾಡು, ಅದೇ ದನಿ. ಆದರೆ ನಿಧಾನ, ಡ್ರಮ್ಸ್ ಭಾರ, ಬಿಟ್ಟ ಏಟು ಇಲ್ಲವೇ ಇಲ್ಲ. ಕಪಾಟಿನಲ್ಲಿದ್ದ ಹಳೆಯ ಎಲ್‌ಪಿ ಹಾಕಿ ಹೋಲಿಸಿದೆ. ಆಲ್ಬಂನಲ್ಲಿ ಇದ್ದದ್ದು ಈ ನಿಧಾನದ್ದೇ. ಅಂದರೆ ಮೂರನೇ ಸಂಗ್ರಹದಿಂದ ಒಂಬತ್ತನೆಯದರವರೆಗೆ ಜನ ಕೇಳಿಕೊಂಡು ಬಂದದ್ದು ಆಲ್ಬಂನ ಹಾಡನ್ನಲ್ಲ. ಹಾಗಾದರೆ ಅದೇನು? ಬ್ಯಾಂಡೇ ಇನ್ನೊಂದು ಸಲ ಬಾರಿಸಿದ್ದೋ, ಗಿಟಾರಿನವರು ಸೋಲೋಗಾಗಿ ಮಾಡಿದ್ದೋ?

ಮೀಟರ್ ಸಾರ್ ಎರಡನ್ನೂ ಕೇಳಿ ಮೀಟರಿಗೆ ಹೇಳಿದರು: “ಆ ಕಾಲದಲ್ಲಿ ಟೇಪು ದುಬಾರಿ. ಬ್ಯಾಂಡಿನ ಉಳಿದ ಸುರುಳಿಗಳನ್ನ ಗಿಟಾರಿನವರು ತಮ್ಮ ಆಲ್ಬಂಗೆ ಬಳಸಿರಬಹುದು. ಡಬ್ಬದ ಬೆನ್ನಿನ ಹೆಸರು ಯಾರೂ ಬದಲಾಯಿಸಿರೋದಿಲ್ಲ. ಇಲ್ಲಾ, ಬ್ಯಾಂಡೇ ಬಾರಿಸಿರಬಹುದು. ಎರಡೂ ಆಗಬಹುದು.”

“ಗಿಟಾರಿನವರನ್ನೇ ಕೇಳಬಹುದಾ ಸಾರ್?” ಎಂದೆ. ಆ ವಾರ ನಾನು ಆಡಿದ ಅತಿ ಉದ್ದದ ಮಾತು ಅದು.

ಅವರು ಫೋನ್ ಮಾಡಿ ಸ್ಪೀಕರಿಗೆ ಹಾಕಿದರು. ಗಿಟಾರಿನವರಿಗೆ ಎಂಬತ್ತರ ಹತ್ತಿರ. ಹಿಂದೆ ಎಲ್ಲೋ ನಾಯಿ ಬೊಗಳುತ್ತಿತ್ತು.

“ಹಿಂಬಾಗಿಲಾ? ಡ್ರಮ್ಸ್ ನಮ್ಮವನೇ ಕಣಪ್ಪ, ಇನ್ಯಾರು? ಅಲ್ಲ, ತಾಳು. ಒಬ್ಬ ಹುಡುಗ ಬಂದಿದ್ದ. ಎತ್ತರದ ಹುಡುಗ. ನೆಲ ಮಾಡ್ತಿದ್ದ ಅನ್ಸುತ್ತೆ. ಅಥವಾ ಅವನು ಬಾರಿಸಿದ್ದು ಬೇರೆ ಹಾಡಿಗಾ? ಒಂದೆರಡು ಸಲ ಬಾರಿಸಿ ಹೋದ, ಆಮೇಲೆ ನಮ್ಮವನು ಬಂದು ಸರಿಯಾಗಿ ಬಾರಿಸಿದ... ಏ, ಸುಮ್ನಿರೋ! ನಿಮಗಲ್ಲ, ನಾಯಿಗೆ.”

ನನ್ನ ಮಾವ ಕುಳ್ಳ. ಬಾಗಿಲಿನ ಮೇಲಿನ ಚಿಲಕ ಹಾಕಲು ಅತ್ತೆಯನ್ನು ಕರೆಯುತ್ತಾನೆ.

ಸುರುಳಿಯನ್ನು ಪೂರ್ತಿ ಹಿಂದಕ್ಕೆ ಸುತ್ತಿ ಮೊದಲು ಕೇಳಿದಾಗ ಒಂದು ದನಿ “ಹಿಂಬಾಗಿಲು, ನಾಲ್ಕು” ಎಂದಷ್ಟೇ ಹೇಳಿತು. ನಾಲ್ಕನೇ ಸಲ. ಮಾವ ಒಂದೆರಡು ಸಲ ಬಾರಿಸಿ ಎದ್ದುಹೋಗಿದ್ದರೆ ನಾಲ್ಕನೆಯದು ಯಾರದ್ದು? ನನ್ನ ಕಾರ್ಡಿನಲ್ಲಿ ಎರಡು ಸಾಲು ಖಾಲಿ ಉಳಿದವು. ‘ಮೂಲ’ ಎನ್ನುವ ಸಾಲು, ‘ಡ್ರಮ್ಸ್’ ಎನ್ನುವ ಸಾಲು. ಮೂಲದ ಮುಂದೆ ‘ಬ್ಯಾಂಡು, ಇನ್ನೊಂದು ಟೇಕ್’ ಎಂದು ಬರೆದರೆ ಹಾಡು ಹತ್ತನೇ ಸಂಗ್ರಹದಲ್ಲೂ ಇರುತ್ತದೆ, ಎಂದಿನಂತೆ ಡ್ರಮ್ಮರನ ಹೆಸರಲ್ಲಿ. ‘ಸೋಲೋ’ ಎಂದು ಬರೆದರೆ ಮಾವ ಹೇಳಿದ್ದು ನಿಜ ಎಂದಾಗುತ್ತದೆ. ಆದರೆ ಮೇಡಂ ಆ ಹಾಡನ್ನು ತೆಗೆದು ನಿಧಾನದ್ದನ್ನು ಹಾಕುತ್ತಾರೆ. ಮಾವನ ಕೈಯ ಬಡಿತ ಸಂಗ್ರಹದಿಂದ ಹೋಗುತ್ತದೆ. ಮೂರು ದಿನ ಆ ಕಾರ್ಡು ನನ್ನ ಮೇಜಿನ ಮೇಲೇ ಇತ್ತು. ಮೀಟರ್ ಸಾರ್ ನೋಡಿಯೂ ನೋಡದವರಂತೆ ಅದರ ಮೇಲೆ ಟೀ ಲೋಟ ಇಡುತ್ತಿದ್ದರು.

ಗುರುವಾರ ನನಗೆ ಅರ್ಧ ದಿನ. ಮಾವನ ಊಟದ ಡಬ್ಬಿ ತೆಗೆದುಕೊಂಡು ಅವನು ಕೆಲಸ ಮಾಡುತ್ತಿದ್ದ ಮನೆಗೆ ಹೋದೆ. ಯಾರದ್ದೋ ಹೊಸ ಅಡುಗೆಮನೆ. ಮಾವ ಮಂಡಿಯೂರಿ, ತಾನೇ ಹಾಕಿದ್ದ ಟೈಲ್ಸನ್ನು ಒಂದೊಂದಾಗಿ ಎಬ್ಬಿಸುತ್ತಿದ್ದ.

“ಯಾಕೆ ಮಾವ? ಒಡೆದಿದೆಯಾ?”

“ಒಡೆದಿಲ್ಲ. ನೋಡು, ಏನಾದ್ರೂ ಕಾಣುತ್ತಾ?”

ನೋಡಿದೆ. ಎಲ್ಲವೂ ಒಂದೇ ಬೂದು ಬಣ್ಣ.

“ಅಲ್ಲಿ ಬಾಗಿಲ ಹತ್ತಿರ ಹೋಗಿ ಬಗ್ಗಿ ನೋಡು. ಬಿಸಿಲು ಅಡ್ಡ ಬೀಳೋ ಕಡೆಯಿಂದ.”

ಬಗ್ಗಿ ನೋಡಿದಾಗ ಕಂಡಿತು. ನಡುವೆ ಎಂಟು ಟೈಲ್ಸು ಕೂದಲೆಳೆಯಷ್ಟು ನೀಲಿ.

“ಒಂದೇ ಹೆಸರು, ಒಂದೇ ಡಿಸೈನು, ಡಬ್ಬನೂ ಒಂದೇ. ಬ್ಯಾಚ್ ನಂಬರ್ ಬೇರೆ. ಅಂಗಡಿಯವನು ಒಂದು ಡಬ್ಬ ಬೇರೆಯದ್ದು ಸೇರಿಸಿಬಿಟ್ಟಿದ್ದಾನೆ, ನಾನೂ ನೋಡ್ಲಿಲ್ಲ. ಮನೆಯವರು ಇರ್ಲಿ ಬಿಡಿ ಅಂದ್ರು. ನಾನೇ ಬೇಡ ಅಂದೆ.”

“ಅವರಿಗೇ ಪರವಾಗಿಲ್ಲ ಅಂದ್ರೆ ನಿನಗೇನು?”

“ನಾನು ಬಗ್ಗಿ ಕೆಲಸ ಮಾಡೋನಲ್ವಾ. ನನಗೆ ಕಾಣುತ್ತೆ.”

ಅವನು ಡಬ್ಬಿ ತೆರೆದ. ಅವನು ಊಟ ಮಾಡುವಾಗ ನಾನು ಎಬ್ಬಿಸಿದ ಟೈಲ್ಸಿನ ಬೆನ್ನಿಂದ ಅಂಟು ಕೆರೆಯುತ್ತ ಕೇಳಿದೆ: “ಮಾವ, ಆ ಮಧ್ಯಾಹ್ನ ನೀನು ಎಷ್ಟು ಸಲ ಬಾರಿಸಿದೆ?”

“ಯಾವ ಮಧ್ಯಾಹ್ನ?”

“ಹಿಂಬಾಗಿಲು.”

ಅವನು ಅಗಿಯುವುದನ್ನು ನಿಲ್ಲಿಸಿದ. ಮನೆಯಲ್ಲಿ ಯಾರೂ ಅವನನ್ನು ಹೀಗೆ ಪ್ರಶ್ನೆ ಕೇಳಿರಲಿಲ್ಲ. ಕೇಳಿದ್ದೆಲ್ಲ ಕುಟುಕುವುದಕ್ಕೇ.

“ಮೂರೋ, ಐದೋ. ಗೊತ್ತಿಲ್ಲ ಕಣೇ. ಎಣಿಸ್ಲಿಲ್ಲ.”

“ನಿನ್ನ ಹತ್ತಿರ ಏನಾದ್ರೂ ಗುರುತು ಇದೆಯಾ? ಚೀಟಿ, ಫೋಟೋ?”

“ಮೊಣಕಾಲು ನೋವಿದೆ. ಅದು ಟೈಲ್ಸಿಂದ ಬಂದಿದ್ದು.” ನಕ್ಕ. ಆಮೇಲೆ ನಗದೆ ಕೇಳಿದ, “ಯಾಕೆ? ನಿಮ್ಮಲ್ಲಿ ಏನಾದ್ರೂ ಸಿಕ್ಕಿತಾ?”

ಹೇಳಬೇಕೋ ಬೇಡವೋ ತಿಳಿಯದೆ ಹೇಳಿಬಿಟ್ಟೆ. ಮೂರು ಸಲದ ಕುಟ್ಟು ಮತ್ತು ಹಾಡು ಮಸುಕಾದ ಮೇಲಿನ ಭಾಗ, ಇವೆರಡನ್ನು ಮಾತ್ರ ಹೇಳಲಿಲ್ಲ. ಯಾಕೆ ಮುಚ್ಚಿಟ್ಟೆ ಎಂದು ಆಗ ನನಗೆ ತಿಳಿದಿರಲಿಲ್ಲ.

ಮರುವಾರ ಮೇಡಂ ಇಲ್ಲದ ಬುಧವಾರ ಮಧ್ಯಾಹ್ನ ಮಾವ ಬಂದ. ಇಸ್ತ್ರಿ ಮಾಡಿದ ಅಂಗಿ, ಉಗುರಿನ ಸಂದಿಯಲ್ಲಿ ಸಿಮೆಂಟು. ಯಾರೂ ಹೇಳದಿದ್ದರೂ ಶೂ ಬಾಗಿಲ ಹೊರಗೆ ಬಿಟ್ಟು ಒಳಗೆ ಬಂದ. ಬಂದವನು ಮೊದಲು ನೋಡಿದ್ದು ನೆಲವನ್ನು.

“ಇದನ್ನ ಹಾಕಿದವನು ಯಾರು? ಮೂಲೆಯಲ್ಲಿ ನಾಲ್ಕು ಪೊಳ್ಳಿದೆ.”

“ಕೇಳಿದ್ರೆ ಗೊತ್ತಾಗುತ್ತಾ?” ಮೀಟರ್ ಸಾರ್ ಮೊದಲ ಬಾರಿಗೆ ಮೀಟರ್ ಬಿಟ್ಟು ಮನುಷ್ಯನೊಬ್ಬನ ಮುಖ ನೋಡಿದರು.

“ನಡೆದ್ರೇ ಗೊತ್ತಾಗುತ್ತೆ ಸಾರ್.”

“ನನ್ನ ಎಡಗಿವಿಯೂ ಪೊಳ್ಳು. ಅದನ್ನೂ ಸ್ವಲ್ಪ ನೋಡಿ.”

ಇಬ್ಬರೂ ನಕ್ಕರು. ನಾನು ಟೇಪು ಏರಿಸಿದೆ. ಮಾವ ಕುರ್ಚಿಯ ತುದಿಯಲ್ಲಿ ಕೂತು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡ. ಹಾಡು ಶುರುವಾಯಿತು. ಕಾಪಿಯಿಂದ ಕಾಪಿಗೆ ಹೋಗಿ ಮಬ್ಬಾದದ್ದಲ್ಲ. ಡ್ರಮ್ಮಿನ ಚರ್ಮ ಬಿಗಿದು ಸಡಿಲವಾಗುವುದೂ ಕೇಳಿಸುವಷ್ಟು ಶುದ್ಧ. ಅವನ ಮುಖ ಸಣ್ಣದಾಯಿತು.

“ಇದು ಆ ಹಾಡೇನಾ?” ಎಂದ.

“ಅದೇ ಮಾವ.”

“ನನಗೆ ಹೀಗೆ ನೆನಪಿಲ್ಲ. ಇವನು ಯಾರೋ ಚೆನ್ನಾಗಿ ಬಾರಿಸ್ತಿದ್ದಾನೆ.”

ನಾನು ಅವನ ಮುಖ ನೋಡುವುದನ್ನು ಬಿಟ್ಟು ಕೈ ನೋಡತೊಡಗಿದೆ. ಮುಖಕ್ಕೆ ನಾಚಿಕೆಯಿತ್ತು, ಕೈಗೆ ಇರಲಿಲ್ಲ. ಅದು ತೊಡೆಯ ಮೇಲೆ ಮೆಲ್ಲಗೆ ಬಡಿಯುತ್ತಿತ್ತು. ಎರಡನೇ ಚರಣ ಬಂತು. ಟೇಪಿನಲ್ಲಿ ಏಟು ತಪ್ಪುವ ಜಾಗಕ್ಕೆ ಬರುತ್ತಲೇ ಅವನ ಬಲಗೈ ಗಾಳಿಯಲ್ಲಿ ನಿಂತಿತು, ಬೀಳಲಿಲ್ಲ. ಇವನೇ ಎಂದುಕೊಂಡೆ. ಮರುಕ್ಷಣವೇ ಅನ್ನಿಸಿತು, ಇದರಲ್ಲೇನು? ನಲವತ್ತು ವರ್ಷದಿಂದ ಈ ಹಾಡು ಕೇಳಿದವನಿಗೆ ಅದು ಬಾಯಿಪಾಠ ಆಗಿರುವುದಿಲ್ಲವೇ? ನಾನೂ ಅಲ್ಲಿ ಕೈ ಎತ್ತುತ್ತಿದ್ದೆ.

ಹಾಡು ಕೊನೆಗೆ ಬಂತು. ರೆಕಾರ್ಡಿನಲ್ಲಿ ದನಿ ಇಳಿಯತೊಡಗುವ ಜಾಗ. ಮನೆಯಲ್ಲಿ ಅತ್ತೆಯ ಕೈ ಸ್ವಿಚ್ಚಿಗೆ ಹೋಗುವ ಜಾಗ. ಟೇಪು ಇಳಿಯಲಿಲ್ಲ. ಮಾವ ಕಣ್ಣು ಮುಚ್ಚಿದ್ದ.

ಗಿಟಾರು ನಿಂತಿತು. ಅವನ ಕೈಯೂ ನಿಂತಿತು.

ಒಂದೇ ಹೊತ್ತಿಗೆ ಬಿದ್ದವು, ಟೇಪಿನ ಏಟೂ ತೊಡೆಯ ಏಟೂ. ಮತ್ತೆ ಮೌನ, ಉದ್ದನೆಯದು. ಅವನ ಬೆರಳು ಬೀಳುವುದಕ್ಕೂ ಡ್ರಮ್ಸ್ ಬೀಳುವುದಕ್ಕೂ ನಡುವೆ ಕೂದಲು ತೂರಿಸಲು ಜಾಗವಿರಲಿಲ್ಲ. ಮೂರನೆಯದು, ಎಲ್ಲಕ್ಕಿಂತ ಚಿಕ್ಕದು. ಅಲ್ಲೂ ಅಷ್ಟೇ. ಯಾವ ರೆಕಾರ್ಡಿನಲ್ಲೂ ಇಲ್ಲದ, ಯಾರೂ ಕೇಳಿರದ, ಊಹಿಸಿ ಹಿಡಿಯಲಾಗದ ಮೂರು ಮೌನಗಳು. ತಾಳದ ತಟ್ಟೆಯ ಸದ್ದು ಆರುವವರೆಗೆ ಅವನ ಕೈ ಕಾಯಿತು. ಆಮೇಲೆ ಕುರ್ಚಿಯ ಕಾಲಿಗೆ, ಟಕ್ ಟಕ್. ಟಕ್.

ಮೀಟರ್ ಸಾರ್ ಮೆಷೀನ್ ನಿಲ್ಲಿಸಿದರು. ಮಾವ ಕಣ್ಣು ತೆರೆದು ನಮ್ಮಿಬ್ಬರನ್ನೂ ನೋಡಿದ.

“ಗೊತ್ತಾಗ್ಲಿಲ್ಲ ಕಣೇ,” ಎಂದ ಸೋತವನ ಹಾಗೆ. “ನಾನಿರಬಹುದು. ಇಲ್ದೇನೂ ಇರಬಹುದು. ಇಷ್ಟು ವರ್ಷ ನಾನೇ ಅಂತ ಹೇಳ್ಕೊಂಡು ಬಂದೆ, ಈಗ ನೋಡಿದ್ರೆ...”

ತನ್ನ ಕೈ ಏನು ಮಾಡಿತು ಎಂದು ಅವನಿಗೆ ಗೊತ್ತೇ ಇರಲಿಲ್ಲ.

“ನೀವೇ,” ಎಂದರು ಮೀಟರ್ ಸಾರ್. “ನಾನು ನೋಡಿದ್ದು ಮೀಟರ್ ಅಲ್ಲ ಈ ಸಲ.” ಆಮೇಲೆ ನನ್ನ ಕಡೆ ತಿರುಗಿ, “ಕಾರ್ಡು ನಿನ್ನದಮ್ಮ. ನೀನು ಹೇಗೆ ಬರೀತೀಯೋ ಹಾಗೆ. ನನ್ನ ಕಿವಿ ಪೊಳ್ಳು,” ಎಂದರು.

ಹೊರಗೆ ಮೆಟ್ಟಿಲ ಮೇಲೆ ಮಾವ ಶೂಗೆ ಲೇಸು ಕಟ್ಟುತ್ತ ತುಂಬ ಹೊತ್ತು ಬಗ್ಗಿಕೊಂಡೇ ಇದ್ದ.

“ಬರೆದ್ರೆ ಏನಾಗುತ್ತೆ?”

“ನಿನ್ನ ಹೆಸರು ಕಾರ್ಡಿನಲ್ಲಿ ಇರುತ್ತೆ. ಹಾಡು ಸಂಗ್ರಹದಿಂದ ಹೋಗುತ್ತೆ.”

“ಬರೀದಿದ್ರೆ?”

“ಹಾಡು ಇರುತ್ತೆ. ಹೆಸರು ಅವರದ್ದೇ.”

“ಎರಡೂ ಆಗೋದಕ್ಕೆ ದಾರಿ ಇಲ್ವಾ?”

“ಇಲ್ಲ ಮಾವ. ನಾಲ್ಕು ಜನ ವಕೀಲರಿದ್ದಾರೆ.”

“ಒಳ್ಳೇ ಕಥೆ,” ಎಂದ. “ನನಗೆ ಬೇಕಾಗಿದ್ದು ಏನು ಅಂತ ನಾನೇ ಯಾವತ್ತೂ ಕೇಳ್ಕೊಂಡಿಲ್ಲ. ಬಸ್ಸಲ್ಲಿ, ಅಂಗಡಿಯಲ್ಲಿ ಆ ಹಾಡು ಬಂದ್ರೆ ಒಳಗೊಳಗೇ ಒಂಥರಾ... ಅದು ಹೋದ್ರೆ... ಆದ್ರೆ ನಿಮ್ಮತ್ತೆ ಮುಂದೆ ಒಂದು ಸಲ...” ಎದ್ದು ಅಂಗಿ ಜಾಡಿಸಿಕೊಂಡ. “ನನಗೇನು ಗೊತ್ತು? ಮನೆಯಲ್ಲಿ ಹೆಚ್ಚು ಓದಿದವಳು ನೀನು.”

“ಒಂಬತ್ತನೇ ಕ್ಲಾಸು ಮಾವ.”

“ನನ್ನದು ಆರು. ನಡೀತೀನಿ, ಕಲಸಿಟ್ಟ ಸಿಮೆಂಟು ಗಟ್ಟಿಯಾಗುತ್ತೆ.”

ಸಂಜೆಯವರೆಗೆ ಕಾರ್ಡಿನ ಮುಂದೆ ಕೂತೆ. ಅವನಿಗೆ ಏನು ಬೇಕು ಎಂದು ಯೋಚಿಸಿದಷ್ಟೂ ಗೋಜಲಾಯಿತು. ಹೆಸರಿನ ಕಡೆಗೆ ವಾಲಿದರೆ ಬಸ್ಸಿನಲ್ಲಿ ಇಳಿಯದೆ ಕೂತ ಹುಡುಗ ಕಾಣುತ್ತಿದ್ದ. ಹಾಡಿನ ಕಡೆಗೆ ವಾಲಿದರೆ ಆ ಕೆಂಪು ಕಿವಿ. ಕೊನೆಗೆ ಯೋಚಿಸುವುದನ್ನು ಬಿಟ್ಟೆ. ಆ ಅಡುಗೆಮನೆಯ ಎಂಟು ಟೈಲ್ಸುಗಳನ್ನು ನೆನೆದೆ. ಬಗ್ಗಿ ನೋಡಿದವಳು ನಾನು. ನನಗೆ ಕಂಡಿತ್ತು. ಮೂಲದ ಮುಂದೆ ‘ಸೋಲೋ’ ಎಂದು ಬರೆದೆ. ಡ್ರಮ್ಸ್ ಎಂಬುದರ ಮುಂದೆ ಮಾವನ ಪೂರ್ತಿ ಹೆಸರು ಬರೆದೆ, ಅವನ ಅಪ್ಪನ ಹೆಸರಿನ ಮೊದಲ ಅಕ್ಷರವನ್ನೂ ಸೇರಿಸಿ. ಮನೆಯಲ್ಲಿ ಯಾರೂ ಅವನನ್ನು ಆ ಹೆಸರಿನಿಂದ ಕರೆಯುವುದಿಲ್ಲ. ಬರೆದ ಮೇಲೆ ಯಾರೋ ಬೇರೆಯವರದ್ದೆನಿಸಿತು.

ಮೇಡಂ ಕಾರ್ಡು ನೋಡಿ ನನ್ನನ್ನು ಮೇಲಕ್ಕೆ ಕರೆಸಿದರು. “ಇದು ಗ್ಯಾರಂಟಿನಾ? ಈ ಹಾಡು ಇಲ್ಲದೆ ಹೋದ್ರೆ ಜನ ನನ್ನ ಜೀವ ತಿಂತಾರೆ. ಇನ್ನೊಂದು ಟೇಕ್ ಅಂತ ಬರೆದುಬಿಡು, ಯಾರಿಗೆ ಗೊತ್ತಾಗುತ್ತೆ?”

ನಾನು ನೆಲ ನೋಡುತ್ತ, “ನನಗೆ ಗೊತ್ತಾಗುತ್ತೆ ಮೇಡಂ,” ಎಂದೆ. ಹೇಳಿದ ದನಿ ನನ್ನದೇನಾ ಎಂದು ನಾನೇ ಬೆಚ್ಚಿದೆ. ಅವರು ಪೆನ್ನು ಮೇಜಿನ ಮೇಲೆ ಉರುಳಿಸಿ, “ಸರಿ. ನಿಧಾನದ್ದನ್ನೇ ಹಾಕಿ,” ಎಂದರು.

ಹತ್ತನೇ ಸಂಗ್ರಹ ಬಂತು. ನಮಗೆಲ್ಲ ಒಂದೊಂದು ಕೊಟ್ಟರು. ಭಾನುವಾರ ಮಧ್ಯಾಹ್ನ ಮನೆಯಲ್ಲಿ ಹಾಕಿದೆವು. ಅಮ್ಮ ಮಂಚದ ಮೇಲೆ ಒರಗಿದ್ದಳು. ಅತ್ತೆ ನೆಲದಲ್ಲಿ ಬಟಾಣಿ ಬಿಡಿಸುತ್ತಿದ್ದಳು. ಮಾವ ಅವಳ ಪಕ್ಕ ಗೋಡೆಗೆ ಒರಗಿ ಕೂತಿದ್ದ. ಏನಾಗಿದೆ ಎಂದು ಅವನಿಗೆ ಹೇಳಿದ್ದೆ. ಅತ್ತೆಗೆ ಅವನು ಹೇಳಿರಲಿಲ್ಲ.

‘ಹಿಂಬಾಗಿಲು’ ಶುರುವಾಯಿತು. ನಿಧಾನ, ಭಾರ.

ಅತ್ತೆ ತಲೆ ಎತ್ತಿದಳು. “ಇದೇನೇ, ಮೆಷೀನ್ ಕೆಟ್ಟಿದೆಯಾ?”

“ಇಲ್ಲ ಅತ್ತೆ.”

ಇನ್ನೂ ಸ್ವಲ್ಪ ಕೇಳಿದಳು. ಎರಡನೇ ಚರಣ ಬಂದು, ತಪ್ಪಬೇಕಾದ ಏಟು ತಪ್ಪದೆ ಬಿತ್ತು. ಅವಳ ಕೈಯಲ್ಲಿದ್ದ ಬಟಾಣಿ ಸಿಪ್ಪೆ ಹಾಗೇ ನಿಂತಿತು. “ಇದು ಅದಲ್ಲ,” ಎಂದಳು. ಮಾವನ ಕಡೆ ತಿರುಗಿದಳು. “ರೀ, ಇದು ಅದಲ್ಲ. ನಿಮ್ಮದು ಎಲ್ಲಿ?”

ಮಾವನ ಕಿವಿ ಕೆಂಪಾಗಿತ್ತು, ಆದರೆ ಅದು ಯಾವ ಕೆಂಪೋ ನನಗೆ ತಿಳಿಯಲಿಲ್ಲ.

“ನಿಮ್ಮದನ್ನ ಯಾರು ತೆಗೆದ್ರು?” ಅತ್ತೆಯ ದನಿ ಏರಿತು. “ಏನೇ, ನೀನು ಅಲ್ಲೇ ಕೆಲಸ ಮಾಡ್ತೀಯಲ್ಲ, ಎಲ್ಲಿ ಹೋಯ್ತು ಇವರದ್ದು?”

“ನಾನೇ ತೆಗೆಸಿದ್ದು ಅತ್ತೆ. ಅದು ಡಬ್ಬದಲ್ಲಿದೆ. ಕಾರ್ಡಿನಲ್ಲಿ ಮಾವನ ಹೆಸರಿದೆ.”

“ಡಬ್ಬದೊಳಗಿನ ಹೆಸರು ಯಾರು ಓದ್ತಾರೆ?”

ಉತ್ತರ ಮಾವನ ಬಳಿ ಇರಬಹುದು ಎಂದು ನೋಡಿದೆ. ಅವನು ನನ್ನ ಬಳಿ ಇರಬಹುದು ಎಂದು ನೋಡುತ್ತಿದ್ದ.

ಅತ್ತೆ ಸೆರಗಿಗೆ ಕೈ ಒರೆಸಿಕೊಂಡು ಎದ್ದಳು. ಹೊಸ ಸಂಗ್ರಹವನ್ನು ತೆಗೆದು ಪಕ್ಕಕ್ಕಿಟ್ಟು, ಮೂರನೆಯದನ್ನು ಕಪಾಟಿನಿಂದ ತಂದು, ಏಳನೇ ಹಾಡಿಗೆ ತಾನೇ ಹಾಕಿದಳು. ಜಾಗ ಹುಡುಕಲು ಒಂದು ಸಲವೂ ತಡವರಿಸಲಿಲ್ಲ. ಮತ್ತೆ ಬಟಾಣಿಯ ಮುಂದೆ ಕೂತಳು. ಚುರುಕಾದ ಹಾಡು ಕೋಣೆ ತುಂಬಿತು. ಏಟು ತಪ್ಪುವ ಜಾಗ ಬಂತು, ಹೋಯಿತು. ಮಾವ ಬೆರಳೆತ್ತಲಿಲ್ಲ. ಅತ್ತೆ ಎತ್ತಿದಳು.

ಹಾಡು ಇಳಿಯತೊಡಗಿತು. ಅತ್ತೆಯ ಕೈ ಸ್ವಿಚ್ಚಿನ ಕಡೆಗೆ ಅರ್ಧ ಹೋಗಿ ನಿಂತಿತು. ದನಿ ಸಣ್ಣದಾಗಿ, ಇನ್ನೂ ಸಣ್ಣದಾಗಿ, ಇಲ್ಲವಾಯಿತು.

“ಇನ್ನೂ ಇತ್ತು ಅಂತಿದ್ರಲ್ಲ,” ಎಂದಳು ಅತ್ತೆ, ಯಾರ ಮುಖವನ್ನೂ ನೋಡದೆ.

ಮಾವ ಬೆರಳುಗಳನ್ನು ನೆಲದ ಟೈಲ್ ಮೇಲೆ ಇಟ್ಟ. ನಾನು ಹೆದರಿದೆ. ತನ್ನ ಕೈ ಅಂದು ಮಾಡಿದ್ದು ಈಗ ಅವನಿಗೆ ಗೊತ್ತಿದೆ, ಗೊತ್ತಿದ್ದರೆ ಕೈ ತಪ್ಪಬಹುದು. ತಪ್ಪಿತೋ ಇಲ್ಲವೋ ನಾನು ಹೇಳಲಾರೆ. ಟೇಪು ಪಕ್ಕದಲ್ಲಿರಲಿಲ್ಲ. ಅವನು ಬಡಿದ, ನಿಂತ, ಬಡಿದ, ತುಂಬ ಹೊತ್ತು ನಿಂತ. ಅತ್ತೆ ಒಂದು ಕಾಳೂ ಬಿಡಿಸದೆ ಕಾದಳು.

ಟಕ್ ಟಕ್, ಎಂದಿತು ನೆಲ. ಮೂರನೆಯದಕ್ಕಾಗಿ ನಾವು ಮೂವರೂ ಅವನ ಕೈ ನೋಡುತ್ತ ಕೂತೆವು.